ಶಂಕ್ರಪ್ಪನ ಪಾಲಿನ ಅರ್ಧ ಲೋಟ

ನಗಾಂವ ನಗ್ಲಿ. ಸುಡಗಾಡದಾಗ ಒಬ್ಬನ ಮಲಗಿ ಗೊರಕಿ ಹೊಡದ ಮಗ ನಾ, ಬೇಕಾದ್ರ ನಮ್ಮ ಓಣ್ಯಾಗ ಕೇಳ್ರಿ. ಆದ್ರ ಇಳಕಲ್ಲಿನ ಆ ಬಾವಿ ಕಡೆ ಕತ್ತಲಾದ ಮ್ಯಾಲೆ ನಾನೂ ಕಾಲಿಡೂದಿಲ್ಲ. ಇದು ನಮ್ಮ ದೊಡ್ಡಪ್ಪನ ಮಗ ಅಂದಾನಪ್ಪಗ ಆದದ್ದು. ಎಪ್ಪತ್ತೆಂಟರಾಗ.

ಧಾರವಾಡದ ದವಾಖಾನ್ಯಾಗ ಕುಡಿತ ಬಿಡಿಸ್ಕೊಂಡು ಅಂದಾನಪ್ಪ ಅವತ್ತ ಊರಿಗೆ ಬಂದ. ಹುನಗುಂದದಾಗ ಬಸ್ಸು ಕೆಟ್ಟು ಭಾಳ ರಾತ್ರಿ ಆಗಿತ್ತು. ದಾರ್ಯಾಗ ಆಲದ ಗಿಡ, ಅದರ ಬುಡಕ್ಕ ಹಾಳಬಾವಿ. ಅದನ್ನ ದಾಟಿದ್ರ ಮನಿ.

ಕಿರ್ರ್... ಕಿರ್ರ್...

ಕಲ್ಲಿನ ಮ್ಯಾಲೆ ಅಲ್ಯುಮಿನಿಯಂ ಲೋಟ ಎಳದ ಸಪ್ಪಳ.

ಅಂದಾನಪ್ಪ ನಿಂತ. ಆ ಸಪ್ಪಳ ಅವಗ ಗೊತ್ತಿತ್ತು. ಅಂವ ಸೀರಿ ನೇಯಾಂವ, ಅವನ ದೋಸ್ತ ಶಂಕ್ರಪ್ಪ ನೂಲಿಗೆ ಬಣ್ಣ ಹಾಕಾಂವ. ಹಬ್ಬದ ದಿನಾನೂ ಶಂಕ್ರಪ್ಪನ ಬೆರಳು ಕೆಂಪ. ಇಬ್ಬರೂ ಇದ ಬಾವಿಕಟ್ಟಿ ಮ್ಯಾಲೆ ಕುಂತು ಒಂದ ಲೋಟದಾಗ ಸಾರಾಯಿ ಕುಡೀತಿದ್ರು. ಅರ್ಧ ಅವಗ, ಅರ್ಧ ಇವಗ. ಅದು ಅವರ ಕರಾರು. ಹಿಂದಿನ ವರ್ಷ ಶಂಕ್ರಪ್ಪ ಇಲ್ಲೇ ರಕ್ತ ಕಾರಿ ಸತ್ತ. ಸತ್ತ ಮ್ಯಾಲೂ ಅಂದಾನಪ್ಪ ದಿನಾ ಅವನ ಪಾಲಂತ ಅರ್ಧ ಲೋಟ ಮಣ್ಣಿಗೆ ಸುರುವಿ ಆಮ್ಯಾಲೆ ತಾ ಕುಡೀತಿದ್ದ. ಸತ್ತಾಂವಗೂ ರೂಢಿ ಬಿಡಿಸಲಿಲ್ಲ, ನೋಡ್ರಿ!

"ಅಂದೂ..." ಗಿಡದ ಕೆಳಗ ಪಿಸುಮಾತು. "ನನ್ನ ಪಾಲು ಎಲ್ಲೈತಲೇ?"

"ಬಿಟ್ಟೇನಿ." ಅಂದಾನಪ್ಪ ಎರಡು ಹೆಜ್ಜಿ ಹಿಂದ ಸರದ.

"ನೀ ಕುಡೀಬ್ಯಾಡ ದೋಸ್ತ. ನನಗಷ್ಟ ತಂದು ಸುರುವು... ಗಂಟಲ ಸುಡಾಕತ್ತೈತಿ..."

ನೀ ಕುಡೀಬ್ಯಾಡ! ಎಂಥಾ ಸವಿ ಮಾತು. ಅಂದಾನಪ್ಪನ ಕಾಲು ಸೀದಾ ಸಾರಾಯಿ ಅಂಗಡಿಗೆ ಹ್ವಾದುವು. ಮಲಗಿದ್ದ ಅಂಗಡ್ಯಾಂವನ್ನ ಎಬ್ಬಿಸಿ ಬಾಟ್ಲಿ ತಗೊಂಡ. ಬೂಚು ಬಿಚ್ಚಿದ... ಪಟ್! ವಾಸನಿ ಮೂಗಿಗೆ ಬಡೀತು. ದವಾಖಾನ್ಯಾಗ ಮೊದಮೊದಲ ಗ್ವಾಡಿ ತುಂಬ ಇಲ್ಲದ ಇರಿವಿ ಕಂಡದ್ದು ಕಣ್ಣಮುಂದ ಬಂತು. ಡಾಕ್ಟರು ಅಂದದ್ದು ಆವಾಗ ನೆನಪಾತು: "ತಮ್ಮಾ, ಇದು ರೋಗ. ಮನಿಗೆ ಹ್ವಾದ ಮ್ಯಾಲೂ ಕರೀತೈತಿ. ಕರದಾಗ ಒಬ್ಬನ ಇರಬ್ಯಾಡ. ನಾಚಬ್ಯಾಡ, ಮನಿಯವರಿಗೆ ಹೇಳು."

ಬಾಟ್ಲಿ ಹಿಡಕೊಂಡ ಮನಿಗೆ ಓಡಿದ. ಹೆಂಡತಿ ಗುರುಲಿಂಗವ್ವ ಬಾಗಲಾ ತಗದ್ಲು. ಬಾಟ್ಲಿ ನೋಡಿ ಅಕಿ ಮಾರಿ ಕಪ್ಪಿಟ್ಟಿತು.

"ಬಂದ ದಿನಾನ ಶುರು ಆತೇನ್ರಿ?"

"ಕುಡದಿಲ್ಲ... ಶಂಕ್ರ್ಯಾ ಬಾವಿ ಕಡಿಂದ ತನ್ನ ಪಾಲು ಕೇಳಾಕತ್ತಾನ."

ಅಕಿ ಅವನ ಬಾಯಿ ಮೂಸಿ ನೋಡಿದ್ಲು. ಬಾಟ್ಲಿ ಕಸಗೊಂಡು ಬಚ್ಚಲಕ್ಕ ಬೋರಲು ಹಿಡದ್ಲು. ಗುಳು... ಗುಳು... ಗುಳು... ಆಮ್ಯಾಲೆ ತಂಬಿಗಿ ತುಂಬ ಮಜ್ಜಿಗಿ ಹಾಕೊಂಡ್ಲು.

"ನಡೀರಿ, ನಾನೂ ಬರ್ತೇನಿ. ಅವಗ ಬೈಯೂದು ನಂದೂ ಉಳದೈತಿ."

ಬಾವಿಕಟ್ಟಿ ಮ್ಯಾಲೆ ಲೋಟ ಇತ್ತು, ಅದ ಹಳೇ ಲೋಟ. ದವಾಖಾನಿಗೆ ಹೋಗೂ ಮುಂದ ಅಂದಾನಪ್ಪ ತನ್ನ ಕೈಯಾರೆ ಬಾವ್ಯಾಗ ಒಗದದ್ದು... ಈಗ ತೊಯ್ದು ಕುಂತಿತ್ತು. ಗುರುಲಿಂಗವ್ವ ಗಂಡನ ಕೈ ಗಟ್ಟಿ ಹಿಡದ್ಲು. ಅಂದಾನಪ್ಪ ಇನ್ನೊಂದು ಕೈಲೆ ಲೋಟದ ತುಂಬ ಮಜ್ಜಿಗಿ ಹಾಕಿದ.

"ಲೇ ಶಂಕ್ರ್ಯಾ, ನಾ ಕುಡಿಯೂದರಾಗ ಅರ್ಧ ನಿಂದು. ಕರಾರು ಕರಾರ. ಇನ್ನ ಮ್ಯಾಲೆ ನಾ ಕುಡಿಯೂದು ಇದ."

ಲೋಟದ ಬಾಯಿಗೆ ಚಪ್ಪಟಿ ಕಲ್ಲು ಮುಚ್ಚಿ ಇಬ್ಬರೂ ತಿರುಗಿದ್ರು. ಬೆನ್ನ ಹಿಂದ...

ಗಟಕ್.

"ಥೂ... ಹುಳಿ..."

"ಹುಳೀನ. ಸುಮ್ನ ಕುಡಿ," ಅಂದ್ಲು ಗುರುಲಿಂಗವ್ವ.

ಶಂಕ್ರಪ್ಪ ಅಷ್ಟಕ್ಕ ಬಿಟ್ಟಾನಂತ ತಿಳೀಬ್ಯಾಡ್ರಿ. ಈಗೂ ದಿನಾ ಕತ್ತಲಾದ ಮ್ಯಾಲೆ ಕರೀತಾನ. ದಿನಾ ಗಂಡ ಹೆಂಡತಿ ಕೈ ಹಿಡಕೊಂಡು ತಂಬಿಗಿ ತಗೊಂಡು ಹೋಗ್ತಾರ. ಅಂದಾನಪ್ಪ ಮತ್ತ ಸಾರಾಯಿ ಮುಟ್ಟಿಲ್ಲ.

ಬೆಕ್ಕು ಕುಡೀತೈತಿ ಅಂತೀರಿ? ಕುಡದು ತಿರುಗಿ ಕಲ್ಲು ಮುಚ್ಚೂ ಬೆಕ್ಕು ಎಲ್ಲೈತ್ರಿ? ಆ ಮೊದಲ ರಾತ್ರಿ ಕಳದು ಮರುದಿನ ಮುಂಜಾನೆ ಕಲ್ಲು ಎತ್ತಿದಾಂವ ನಾನ. ಖರೇನ ಹೇಳ್ತೇನಿ. ಒಳಗ ಮಜ್ಜಿಗಿ ಸರೀ ಅರ್ಧ ಉಳದಿತ್ತು. ಲೋಟದ ಮೈಮ್ಯಾಲೆ ಕೆಂಪು ಬೆರಳಿನ ಗುರುತು... ಇನ್ನಾ ಹಸೀನ ಇದ್ದುವು.