ನಾಡಿ ಬಿಟ್ಟು ನಾಡು ಹಿಡಿದ ಡಾಕ್ಟ್ರು

"ಹಲೋ... ಯಾರದು ಮಾತಾಡ್ತಿರೋದು?... ನಾನಾ? ನನ್ನ ದನಿ ಗೊತ್ತಾಗ್ಲಿಲ್ವೇನಯ್ಯಾ? ನಾನು ಗವರ್ನರ್, ಡಾಕ್ಟರ್ ಎಸಿಯೆನ್!... ಹಾಂ? ಹಾಗಾದ್ರೆ ನೀನ್ಯಾರು?"

"... ಅಯ್ಯಯ್ಯೋ. ನೀವೇನಾ ಡಾಕ್ಟ್ರೇ?"

ರೇಡಿಯೋದಲ್ಲಿ ವಾರವಾರ ಗವರ್ನರರ ದನಿ ಅಣಕಿಸಿ ನಗಿಸುವ ಇನ್ಯಾಂಗ್, ಅವರ ಕಾರ್ಯದರ್ಶಿಯನ್ನು ದಾಟಲು ಅದೇ ದನಿ ತೆಗೆದಿದ್ದ. ಫೋನೆತ್ತಿದವರು ದನಿಯ ಒಡೆಯರೇ.

"ಇನ್ಯಾಂಗ್ ನಾನು, ಇಕೊಟ್ ಉದೋ ಊರಿಂದ. ನಿಮ್ಮ ಹಳೇ ಆಸ್ಪತ್ರೆ ಜಗಲೀಲಿ ನಿಂತಿದೀನಿ... ಹೂಂ, ನಿಮ್ಮನ್ನ ಆಡ್ಕೊಳ್ಳೋನೇ. ನನ್ನ ಹೊಕ್ಕುಳಬಳ್ಳಿ ಕತ್ತರಿಸಿದ್ದೂ ನೀವೇ, ಅಲ್ವಾ?"

"... ಇಲ್ಲ, ತಮಾಷೆ ಅಲ್ಲ. ತಮಾಷೆಗೇ ಶುರುವಾಗಿದ್ದು... ನಿನ್ನೆ ಮಾ ಅಡಿಯಾಹಾಗೆ ಫೋನ್ ಮಾಡ್ದೆ, ನಿಮ್ಮ ದನೀಲಿ... ಹಾಂ, ನಿಮ್ಮ ನರ್ಸಮ್ಮನಿಗೇ. ನಾಳೆ ಬರ್ತೀನಿ, ಕುರ್ಚಿ ಒರೆಸಿಡಿ ಮಾ, ರೋಗಿಗಳನ್ನ ನಾನೇ ನೋಡ್ತೀನಿ ಅಂದ್ಬಿಟ್ಟೆ. ಬೈದು ಫೋನಿಡ್ತಾರೆ ಅನ್ಕೊಂಡ್ರೆ, ಊರಿಗೆಲ್ಲ ಡಂಗುರ ಹೊಡೆಸಿದಾರೆ!"

"... ಎಷ್ಟು ಜನಾನಾ? ಅಂಗಳ ತುಂಬಿದೆ. ಅಫಾಂಗ್ ಸೊಪ್ಪಿನ ಸಾರು, ಕುಟ್ಟಿದ ಗೆಣಸು, ತಾಳೆಹೆಂಡ, ಎಲ್ಲ ನಿಮಗೇ ಅಂತ. ಒಬ್ಬಜ್ಜಿ ಬೆಳಗಿಂದ ನಾಲಿಗೆ ಚಾಚ್ಕೊಂಡೇ ಕೂತಿದಾರೆ. ನೀವು ಮೊದ್ಲು ಅದನ್ನೇ ನೋಡೋದು ಅಲ್ವಾ..."

"ನಗಬೇಡಿ ಡಾಕ್ಟ್ರೇ. ಮೀನು ಮಾರೋ ಹೆಂಗಸರು ಮಾ ಅಡಿಯಾಹಾನ ಕಾಡಿಸ್ತಿದಾರೆ. ನಾಡಿ ಹಿಡೀತಿದ್ದೋರು ನಾಡು ಹಿಡಿದ್ಮೇಲೆ ಇಲ್ಲಿಗೆ ಬರ್ತಾರೇನೇ, ನಿನ್ನ ಕಿವಿ ಕೆಟ್ಟಿದೆ ಅಂತ. ಮಾ ಆಣೆ ಇಡ್ತಿದಾರೆ, ಡಾಕ್ಟ್ರದೇ ದನಿ ಅಂತ! ನಾನು ಬಾಯಿ ಬಿಟ್ರೆ ಆ ಮುದಿ ಜೀವ ಊರ ಮುಂದೆ ಸುಳ್ಳಿ ಆಗುತ್ತೆ. ಬಿಡ್ದಿದ್ರೆ ನನ್ನ ಗಂಟಲಲ್ಲಿ ತುತ್ತು ಇಳಿಯಲ್ಲ..."

"ಏನಂದ್ರಿ?... ನಿಮ್ದೂ ತಪ್ಪಾ?... ಹೌದು, ಗವರ್ನರ್ ಚುನಾವಣೇಲಿ ಇದೇ ಮೆಟ್ಟಿಲ ಮೇಲೆ ನಿಂತು ಅಂದಿದ್ರಿ, ಗೆದ್ರೂ ಸಂತೆ ದಿನ ಬಂದು ರೋಗಿಗಳನ್ನ ನೋಡ್ತೀನಿ ಅಂತ. ಆವತ್ತಿನದು ನಾನು ತೆಗೆದ ದನಿ ಅಲ್ಲ ಡಾಕ್ಟ್ರೇ. ನಿಮ್ದೇ..."

ಹೇಳಬಾರದಿತ್ತು ಎಂದು ಇನ್ಯಾಂಗ್ ತುಟಿ ಕಚ್ಚಿಕೊಂಡ.

"ಹಾಂ?... ಅವರಿಗೆ ಕೊಡ್ಬೇಕಾ? ಸರಿ... ಮಾ, ತಗೊಳ್ಳಿ. ಅಸಲಿ ಡಾಕ್ಟ್ರು. ನಿನ್ನೆ ಮಾತಾಡಿದ್ದು ನಾನು, ತಪ್ಪಾಯ್ತು... ಯಾಕೆ ಮಾ ನಗ್ತೀರಿ?... ನಿನ್ನೇನೇ ಗೊತ್ತಾಯ್ತಾ? ಹೇಗೆ?... ಡಾಕ್ಟ್ರು ಯಾವತ್ತೂ ನಿಮ್ಮನ್ನ 'ಸಿಸ್ಟರ್' ಅಂತಲೇ ಕರೆದಿದ್ದಾ? ನಾನು ಊರೋರ ಹಾಗೆ 'ಮಾ' ಅಂದ್ಬಿಟ್ನಾ! ಮತ್ತೆ ಡಂಗುರ ಯಾಕೆ?... ನಾನು ಹೆದರಿ ಡಾಕ್ಟ್ರಿಗೆ ಫೋನ್ ಮಾಡಿ ಕರೆಸ್ಲಿ ಅಂತಾನಾ?"

"... ಡಾಕ್ಟ್ರೇ, ಕೇಳಿಸ್ತಾ? ಇಡೀ ಅಂಗಳಕ್ಕೆ ಕೇಳೋ ಹಾಗೆ ನಗ್ತಿರೋದು ಅವರೇ... ಏನು? ನಾನು ನಾಲಿಗೆ ತೋರಿಸ್ಬೇಕಾ? ಫೋನಲ್ಲಿ ಹೇಗೆ... ಇಲ್ಲಿಗೇ ಬಂದು ನೋಡ್ತೀರಾ? ಇವತ್ತೇ?... ಇದು ನಿಜವಾಗ್ಲೂ ನೀವೇ ಅಲ್ವಾ ಮಾತಾಡ್ತಿರೋದು? ಹಲೋ?... ಹಲೋ..."