ಬಾಗಿಲಲ್ಲಿ ಬಿದ್ದ ಕುದುರೆ

ಎಕ್ಸ್‌ರೇ ಕೋಣೆಯ ಮುಂದೆ ಊದಿದ ಮಂಡಿ ಹಿಡಿದು ಕೂತಿದ್ದ ವಿಜ್ಞಾನದ ಮೇಷ್ಟ್ರಿಗೆ ಪಕ್ಕದ ಬೆಂಚಿನ ಮಾತು ಕೇಳಿಸುತ್ತಿತ್ತು. ಒಬ್ಬಳು ಕುದುರೆ ಸವಾರಿ ಕಲಿಸುವವಳು, ಕೈ ಮುರಿದಿತ್ತು. ಇನ್ನೊಬ್ಬ ಲಾಳ ಹೊಡೆಯುವ ಅವಳ ಸೋದರಮಾವ.

"ರಸ್ತೆ ಮಾಡೋಕೆ ಕೋಟೆ ಜಾಗ ಮುಟ್ಟಲ್ಲ ಅಂದವರು ಕೋಟೆಯೊಳಗಿನ ನಮ್ಮ ಲಾಯದ ಗೋಡೆಗೇ ಜೆಸಿಬಿ ನುಗ್ಗಿಸಿದ್ರಲ್ಲ ಮಾವ! ಕುದುರೆಗಳನ್ನೆಲ್ಲ ನಾನು ಹೊರಗೆ ಓಡಿಸಿದ್ದೆ."

"ಓಡಿಸಿ ಬಾಗಿಲು ಹಾಕ್ಲಿಲ್ಲ. ಬೆದರಿದ ಕುದುರೆ ಲಾಯಕ್ಕೇ ವಾಪಸ್ ನುಗ್ಗುತ್ತೆ, ಗೊತ್ತಿಲ್ವಾ? ನಿನ್ನ ತಲೆಗೆ ಲಾಳ ಹೊಡೀಬೇಕು."

"ವಾಪಸ್ ನುಗ್ಗಿದ ಆ ಮುದಿ ಕುದುರೆ ಸತ್ತೋಯ್ತಾ?"

"ಇಲ್ಲ. ಗೋಡೆ ಬಿದ್ದು ಬೆನ್ನು ಮುರಿದಿದೆ, ಬಾಗಿಲಲ್ಲೇ ಒದ್ದಾಡ್ತಿದೆ. ಜೀವ ಇರೋ ಕುದುರೆ ಮೇಲೆ ಹತ್ತಿಸೋಕೆ ಡ್ರೈವರ್ ಒಪ್ತಿಲ್ಲ, ಅದು ಸಾಯೋವರೆಗೂ ಜೆಸಿಬಿ ಮುಂದೆ ಬರಲ್ಲ. ಕೆಡವಬಾರದು ಅಂತ ಕೋರ್ಟಿನ ತಡೆಯಾಜ್ಞೆ ಮಧ್ಯಾಹ್ನ ಸಿಗುತ್ತೆ."

"ಅಲ್ಲೀವರೆಗೂ ನರಳಲಿ ಅಂತೀಯಾ?"

"ಸಾಯೋ ಇಂಜೆಕ್ಷನ್ ಕೊಡಿಸಿದ್ರೆ ಲಾಯ ಹೋಗುತ್ತೆ ಕಣೇ."

"ಕೊಡ್ಸು. ಅದರ ಜಾಗದಲ್ಲಿ ನಾನು ಮಲಗ್ತೀನಿ."

ಒಳಗಿಂದ ಅವಳ ಸರದಿ ಕೂಗಿದರು. ಆಗಲೇ ಇಬ್ಬರೂ ಮೆಟ್ಟಿಲಿಳಿಯುತ್ತಿದ್ದರು.