ಓಡೋ ಗಿಟಾರು

ಅಲ್ಲಿ ಬೇಡ, ಆ ಕುರ್ಚಿಯ ಕಾಲು ಸಡಿಲ. ಇಲ್ಲಿ ಮಂಚದ ಮೇಲೆ ಕೂತ್ಕೋ, ಗಿಟಾರು ಸರಿಸ್ತೀನಿ... ಹ್ಞೂಂ, ಇದೇ. ಯಾಕೆ ನಗ್ತೀಯ? ಈ ವಯಸ್ಸಿಗೆ ಕೆಂಪು ಗಿಟಾರು ಬೇಕಿತ್ತಾ ಅಂತಾನಾ? ಬೇರೆ ಬಣ್ಣ ಇರಲಿಲ್ಲ ಕಣೋ.

ಕೈಗೆ ತಗೊಂಡು ನೋಡು. ಹಗುರ, ಅಲ್ವಾ? ನನ್ನ ಹಳೇದು ಹೆಗಲ ಮೇಲೆ ಮೂಟೆ ಹೊತ್ತ ಹಾಗಿತ್ತು. ಇದರ ಕತ್ತು ನೋಡು, ಎಷ್ಟು ತೆಳು. ತಂತಿಗಳು ಮರಕ್ಕೆ ಅಂಟಿಕೊಂಡ ಹಾಗಿವೆ. ಒತ್ತೋದೇ ಬೇಡ, ಬೆರಳು ಸೋಕಿದ್ರೆ ಸಾಕು, ಸ್ವರ ಹೊರಟುಬಿಡುತ್ತೆ. ಬೆರಳು ಓಡೋದಕ್ಕೆ ಅಂತಲೇ ಮಾಡಿದ್ದು. ಇದು ನಿಮ್ಮನ್ನ ಎಲ್ಲೂ ತಡೆಯೋದಿಲ್ಲ ಸಾರ್ ಅಂದ ಅಂಗಡಿಯವನು. ನಿಜ, ತಡೆಯೋದಿಲ್ಲ. ತಪ್ಪು ಮಾಡೋವಾಗಲೂ ತಡೆಯೋದಿಲ್ಲ. ಹಳೇದರಲ್ಲಿ ನನ್ನ ತಪ್ಪೆಲ್ಲ ಅಲ್ಲೇ ಎಲ್ಲೋ ಮುಚ್ಚಿಹೋಗ್ತಿತ್ತು. ಇದು ಊರಿಗೆಲ್ಲ ಡಂಗುರ ಹೊಡೆಯುತ್ತೆ.

ಟೀ ಕುಡಿ, ಆರಿಹೋಗುತ್ತೆ.

ಇನ್ನು ತಂತಿ ಬದಲಾಯಿಸೋ ಕಷ್ಟ ಕೇಳಲೇಬೇಡ. ಎರಡೂ ತುದೀಲಿ ಸ್ಕ್ರೂ ಹಾಕಿ ಬಿಗಿದಿದ್ದಾರೆ. ಒಂದು ಕಿತ್ತುಹೋದ್ರೆ ಉಳಿದವೂ ಶ್ರುತಿ ತಪ್ಪುತ್ವೆ, ಮನೇಲಿ ಒಬ್ಬರು ಮುನಿಸ್ಕೊಂಡ್ರೆ ಎಲ್ಲರೂ ಊಟ ಬಿಟ್ಟ ಹಾಗೆ. ಕನ್ನಡಕದ ಅಂಗಡೀಲಿ ದಿನವಿಡೀ ಸ್ಕ್ರೂ ತಿರುಗಿಸಿ ಬರ್ತೀನಿ, ಮನೆಗೆ ಬಂದ್ರೆ ಮತ್ತೆ ಸ್ಕ್ರೂ. ನುಡಿಸೋದಕ್ಕಿಂತ ರಿಪೇರಿನೇ ಜಾಸ್ತಿ ಅಂತಾಳೆ ನಿನ್ನ ಅತ್ತಿಗೆ.

ಯಾಕೆ ತಗೊಂಡೆ ಅಂತ ಕೇಳ್ಬೇಡ, ನಿಂಗೊತ್ತು. ಕಾಲೇಜು ಆಡಿಟೋರಿಯಂನಲ್ಲಿ ಮಗಳು ಆ ಹೊಸ ಹಾಡು ಹಾಡಿದಳಲ್ಲ, ಆವತ್ತು. ನೀನು ಡ್ರಮ್ಮಲ್ಲಿ ಅವಳ ಜೊತೆಗೇ ಹೋದೆ. ನಾನು ಹಿಂದೆ ಬಿದ್ದೆ. ಅವಳು ಮೈಕು ಹಿಡಿದು ತಿರುಗಿ ನೋಡಿದಳು... ರಸ್ತೆ ದಾಟಿದ ಮೇಲೆ ಅಪ್ಪ ಬಂದ್ನಾ ಅಂತ ನೋಡ್ತಾರಲ್ಲ, ಹಾಗೆ. ಅವಳು ಹುಟ್ಟೋ ಮುಂಚೆ ನಾವಿಬ್ಬರೂ ಕಟ್ಟಿದ ಬ್ಯಾಂಡು ಕಣೋ ಇದು. ಅದರಲ್ಲಿ ನಾನೇ ಹಿಂದೆ. ಬೆರಳು ಓಡಬೇಕು ಅಷ್ಟೇ ಅಂದ್ಕೊಂಡೆ. ದಿನಾ ಕೂತೆ. ಮಣಿಕಟ್ಟು ನೋಯುತ್ತೆ, ಬಿಸಿನೀರಲ್ಲಿ ಇಡ್ತೀನಿ, ಮತ್ತೆ ಕೂರ್ತೀನಿ. ಸಾಕಾಗಿದೆ. ಆದ್ರೆ ಈಗ ಆ ಹಾಡನ್ನ ಅವಳಿಗಿಂತ ಮೊದಲೇ ಮುಗಿಸಿಬಿಡ್ತೀನಿ.

ನೀನು ನಗಲಿಲ್ಲ.

ಗಿಟಾರು ಆ ಕಡೆ ಇಡು, ಪರವಾಗಿಲ್ಲ... ಅವಳು ಕಳಿಸಿದಳಾ? ನೆಲ ಯಾಕೆ ನೋಡ್ತೀಯ? ಒಂದೇ ಮನೆ, ಒಂದೇ ಮೇಜಲ್ಲಿ ಊಟ, ಆದ್ರೂ ನಿನ್ನನ್ನ ಕಳಿಸಿದಳು. ಇರಲಿ ಬಿಡು, ಅಪ್ಪನ ಮುಖ ನೋಡ್ಕೊಂಡು ಹೇಳೋದು ಹೇಗೆ? ನೀನೂ ಹೇಳ್ಬೇಡ. ನನ್ನ ಜಾಗಕ್ಕೆ ಯಾರೋ ಹುಡುಗಿ ಬಂದಿದ್ದಾಳೆ. ನಂಗೊತ್ತು.

ಹೇಗೆ ಅಂದ್ರೆ... ಅಂಗಡೀಲಿ ಹೇಳಿದ್ರು. ಒಬ್ಬರು ಗಿರಾಕಿ. ಯಾವ ಗಿರಾಕಿ ಅಂತೆಲ್ಲ ನಿಂಗ್ಯಾಕೆ?

ಹಾಗೆ ನೋಡ್ಬೇಡ ಮಾರಾಯ. ಸರಿ. ಬಂದಿದ್ದೆ. ಭಾನುವಾರ, ನಿಮ್ಮ ಪ್ರಾಕ್ಟೀಸ್ ರೂಮಿಗೆ. ಮಗಳು ಊಟ ಮಾಡದೇ ಹೋಗಿದ್ದಳು, ಡಬ್ಬಿ ಕೊಟ್ಟುಬರೋಣ ಅಂತ. ಬಾಗಿಲು ಸ್ವಲ್ಪ ತೆರೆದಿತ್ತು, ಅಲ್ಲೇ ನಿಂತೆ. ಆ ಹುಡುಗಿ ಕೈಯಲ್ಲಿ ಎಂಥದೋ ಹಳೇ ಗಿಟಾರು. ಓಟಾನೇ ಇಲ್ಲ. ಒಂದು ಸ್ವರ ಹಿಡಿದಳು, ಬಿಟ್ಟಳು, ಸುಮ್ಮನಾದಳು. ಆ ಸುಮ್ಮನಾದ ಜಾಗಕ್ಕೆ ಮಗಳು ಬಂದಳು. ಅವಳ ದನಿ... ಅದು ಅಷ್ಟು ಚೆನ್ನಾಗಿದೆ ಅಂತ... ಇಷ್ಟು ವರ್ಷ ಪಕ್ಕದಲ್ಲೇ ನಿಂತು ನುಡಿಸಿದೀನಿ ಕಣೋ, ನಂಗೆ ಕೇಳಿಸಿರಲಿಲ್ಲ.

ಡಬ್ಬಿ ವಾಪಸ್ ತಂದೆ. ಯಾರೂ ನನ್ನ ನೋಡಲಿಲ್ಲ. ನೀವೆಲ್ಲ ಆ ಕಡೆ ಮುಖ ಮಾಡಿದ್ರಿ.

ನೋಡಲಿಲ್ಲ, ಅಲ್ವಾ?

ಲೋಟ ಯಾಕೆ ಕೆಳಗಿಟ್ಟೆ?

ಓ... ಮಗಳು ನೋಡಿದಳಾ. ನೋಡಿಯೂ ಹಾಡು ನಿಲ್ಲಿಸಲಿಲ್ಲ.

ಒಳ್ಳೇದಾಯ್ತು ಬಿಡು. ನಿಲ್ಲಿಸಿದ್ದಿದ್ರೆ ನಾನು ಒಳಗೆ ಬಂದು ನುಡಿಸೋಕೆ ಶುರು ಮಾಡಿಬಿಡ್ತಿದ್ದೆ.